ಗುಲಾಬಿ ಮಾಲಿಯ ಪಂಚಾಯಿತಿ

ಮುದುಕಿ ಗೇಸ್ಯಾಳ ಕ್ಯಾನರಿ ಹಕ್ಕಿ ಹಾಡು ನಿಲ್ಲಿಸಿದ್ದೇ ಎಲ್ಲಕ್ಕೂ ಮೂಲ. ಅವಳ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ಲುಬ್ಬರ್ಟ್, ಟ್ರಾಮ್ ಓಡಿಸುವ ಕೆಲಸದಿಂದ ನಿವೃತ್ತನಾದವನು, ಆನೆಮರಿಯಷ್ಟು ದೊಡ್ಡ ಹಿತ್ತಾಳೆಯ ಟ್ಯೂಬಾ ಕೊಂಡು ದಿನಾ ಸಂಜೆ ಊದಲಾರಂಭಿಸಿದ್ದ.

ಇಬ್ಬರಿಗೂ ನ್ಯಾಯ ಬೇಕಾಯಿತು. ಎದುರಿನ ಒಂಟಿ ಮನೆಯಲ್ಲಿ ವೀಬ್ರೆನ್ ಇದ್ದ. ಅವನಿಗೆ ಕೆಲಸ ಹೇಗ್ ನಗರದ ಶಾಂತಿ ಅರಮನೆಯಲ್ಲಿ. ದೇಶದೇಶಗಳ ವ್ಯಾಜ್ಯ ತೀರುವ ಜಾಗ.

ಬೆಳಿಗ್ಗೆ ಅವನು ಸೈಕಲ್ ಹೊರತೆಗೆಯುವಾಗಲೇ ಗೇಸ್ಯಾ ಅಡ್ಡ ನಿಂತು, ನ್ಯಾಯ ನೀನೇ ಹೇಳಬೇಕು ಎಂದಳು.

"ಅಲ್ಲಿ ನಾನು ಗುಲಾಬಿ ಗಿಡ ಕತ್ತರಿಸೋನಮ್ಮಾ," ಎಂದ ವೀಬ್ರೆನ್.

"ಹೂವಿನ ಜೊತೆ ನಾರೂ ಸ್ವರ್ಗ ಕಾಣುತ್ತಂತೆ. ನಿಂಗೆ ಇಪ್ಪತ್ತು ವರ್ಷ ಆಯ್ತಲ್ಲಪ್ಪ."

ಅವನು ಹೇಗೋ ನುಣುಚಿಕೊಂಡು ಹೋದ. ಹನ್ನೊಂದಕ್ಕೆ ಅವಳು ಪಂಜರ ಹಿಡಿದು ಅರಮನೆಯ ಗೇಟಿಗೇ ಬಂದಳು. ತನ್ನ ವಾದ ಹಿಂದೆ ಬಿದ್ದೀತೆಂದು ಲುಬ್ಬರ್ಟ್ ಟ್ಯೂಬಾದ ಕರಿಪೆಟ್ಟಿಗೆ ಹೊತ್ತು ಬಂದ. ಪೆಟ್ಟಿಗೆಯಲ್ಲಿ ಏನೆಂದು ಕಾವಲಿನವನು ಮೆಲ್ಲಗೆ ಕೇಳಿದ. ಲುಬ್ಬರ್ಟ್‌ಗೆ ಮಾತು ಕಡಿಮೆ. ಹೊರತೆಗೆದು ಊದಿಯೇ ತೋರಿಸಿದ. ಪಾರಿವಾಳಗಳೆಲ್ಲ ಎದ್ದು ಹಾರಿದವು. ಮಹಡಿಯ ಮೇಲೊಂದು ಕಿಟಕಿ ತೆರೆದು, ಸದ್ದಿಲ್ಲದೆ ಮುಚ್ಚಿಕೊಂಡಿತು.

ಹಿರಿಯ ಮಾಲಿ ಬಂದು ವೀಬ್ರೆನ್‌ನ ಹೆಗಲ ಮೇಲೆ ಕೈಯಿಟ್ಟ. "ಇದನ್ನ ಇವತ್ತೇ ಮುಗಿಸು. ಇಲ್ಲಾಂದ್ರೆ ನಾಳೆಯಿಂದ ಗುಲಾಬಿ ಬೇರೆಯವರಿಗೆ, ಗೊಬ್ಬರದ ಗುಂಡಿ ನಿಂಗೆ."

ಸಂಜೆ ಆರಕ್ಕೆಲ್ಲ ಊಟ ಮುಗಿದದ್ದೇ ವೀಬ್ರೆನ್ ಇಬ್ಬರನ್ನೂ ಮನೆಗೆ ಕರೆದ. ಪಂಜರವೂ ಟ್ಯೂಬಾ ಪೆಟ್ಟಿಗೆಯೂ ಜೊತೆಗೇ ಬಂದವು. ಕಾಫಿ ಕೊಟ್ಟು, ತಲೆಗೊಂದು ಬಿಸ್ಕತ್ತು ಎಣಿಸಿ, ಡಬ್ಬಿ ಮುಚ್ಚಿದ. ಇಬ್ಬರ ಅಹವಾಲನ್ನೂ ತಾಳ್ಮೆಯಿಂದ ಕೇಳಿದ. ಪಂಜರದೊಳಗೆ ಹಕ್ಕಿ ವಯಸ್ಸಾದ ಜಡ್ಜಿನಂತೆ ತೂಕಡಿಸುತ್ತಿತ್ತು. ಕೊನೆಗೆ ವೀಬ್ರೆನ್ ಗಂಟಲು ಸರಿಮಾಡಿಕೊಂಡು, ಎರಡೂ ಕಡೆಯವರು ತಾವೇ ಮಾತಾಡಿಕೊಂಡು ಏನು ಒಪ್ಪುತ್ತಾರೋ ಅದೇ ತನ್ನ ತೀರ್ಪು ಎಂದ.

ಇಬ್ಬರೂ ಕಿಟಕಿ ಬಳಿ ಹೋಗಿ ಪಿಸುಗುಟ್ಟುತ್ತ ಒಂದು ಚೀಟಿ ಬರೆದರು. ಒಮ್ಮೆ ನಕ್ಕರು ಕೂಡ. ನ್ಯಾಯ ಹೇಳುವುದು ಇಷ್ಟು ಸಲೀಸೇ ಎಂದುಕೊಂಡ ವೀಬ್ರೆನ್ ಕುರ್ಚಿಗೆ ಒರಗಿ, ಡಬ್ಬಿ ಮತ್ತೆ ತೆರೆದು ಎರಡನೆಯ ಬಿಸ್ಕತ್ತಿಗೆ ಕೈಹಾಕಿದ.

ಗೇಸ್ಯಾ ಚೀಟಿ ಓದಿದಳು: "ಟ್ಯೂಬಾ ದಿನಾ ಏಳರಿಂದ ಒಂಬತ್ತು. ನಮ್ಮನೇಲೂ ಅಲ್ಲ, ಅವರ ಮನೇಲೂ ಅಲ್ಲ. ಯಾರ ಪಕ್ಷಾನೂ ಅಲ್ಲದ ಜಾಗ ಅಂದ್ರೆ ಇದೊಂದೇ. ನಿನ್ನ ಮುಂದಿನ ಕೋಣೆ."

ಬಿಸ್ಕತ್ತು ವೀಬ್ರೆನ್‌ನ ಬಾಯಲ್ಲೇ ಉಳಿಯಿತು.

"ನಿಮ್ಮ ಅರಮನೇಲಿ ತೀರ್ಪಿನ ಮೇಲೆ ಅಪೀಲು ಇಲ್ವಂತಲ್ಲ?" ಎನ್ನುತ್ತ ಅವಳು ಹಕ್ಕಿಯೊಂದಿಗೆ ಹೊರಟಳು.

ಲುಬ್ಬರ್ಟ್ ಗಡಿಯಾರ ನೋಡಿದ. ಏಳಕ್ಕೆ ಐದು ನಿಮಿಷವಿತ್ತು. ಪೆಟ್ಟಿಗೆಯ ಕೊಂಡಿ ಬಿಚ್ಚತೊಡಗಿದ.