ನೀಲಿ ಟೊಪ್ಪಿಗೆಯವನಿಗೆ ನನ್ನ ಕಾಲ್ಗುಣ

ಕಾಲ್ಗುಣ ಎಂಬುದು ಹೊಸ ಸೊಸೆಯಂದಿರಿಗೆ ಮಾತ್ರ ಅಂಟುವ ಅಪವಾದ ಎಂದು ನಾನು ಬಹಳ ವರ್ಷ ನಂಬಿದ್ದೆ. ಗಂಡಸರ ಕಾಲಿಗೆ ಚಪ್ಪಲಿ ಇರುತ್ತದೆ, ಕೆಸರು ಇರುತ್ತದೆ, ವಯಸ್ಸಾದ ಮೇಲೆ ನೋವೂ ಇರುತ್ತದೆ; ಗುಣ ಮಾತ್ರ ಇರುವುದಿಲ್ಲ. ನನ್ನ ಹೆಂಡತಿ ಗಿರಿಜಾ ಮದುವೆಯಾಗಿ ಬನಹಟ್ಟಿಯ ನಮ್ಮ ಮನೆಯ ಹೊಸ್ತಿಲು ದಾಟಿದ ದಿನವೇ ಒಳಗಿದ್ದ ಮಗ್ಗದ ಮೋಟಾರು ಸುಟ್ಟುಹೋಯಿತು. ಅವ್ವ ಸುಟ್ಟ ಮೋಟಾರನ್ನೊಮ್ಮೆ, ಸೊಸೆಯ ಪಾದಗಳನ್ನೊಮ್ಮೆ ನೋಡಿದಳು, ಅಷ್ಟೆ. ಆ ನೋಟ ನಮ್ಮ ಮನೆಯಲ್ಲಿ ಹಲವು ವರ್ಷ ಬಾಳಿತು. ಅತ್ತೆ ಸೊಸೆ ಎಂದೂ ಜಗಳವಾಡಿದವರಲ್ಲ. ಆದರೆ ಒಬ್ಬರು ಪಡಸಾಲೆಗೆ ಬಂದರೆ ಇನ್ನೊಬ್ಬರಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಇಂಥ ಕಾಲ್ಗುಣ ಕೊನೆಗೊಮ್ಮೆ ನನ್ನ ಕಾಲಿಗೇ ಬಂದು ಸೇರಿತು. ತಂದು ಸೇರಿಸಿದ್ದು ದೂರದೇಶದ ಮೋಟಾರ್ ರೇಸು.

ನಾನು ವೃತ್ತಿಯಿಂದ ಪತ್ರಿಕೆಯ ವರದಿಗಾರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನನ್ನ ಸೀಮೆ. ‘ಎನ್ನಲಾಗಿದೆ’ ಎಂದು ಬರೆಯುವ ಮುನ್ನವೂ ಅಂದವರು ಯಾರು ಎಂದು ಎರಡು ಕಡೆ ವಿಚಾರಿಸುವ ಅಭ್ಯಾಸದವನು. ಇಂಥವನಿಗೆ ಗ್ರ್ಯಾನ್ ಪ್ರೀ ಕಾರು ರೇಸಿನ ಹುಚ್ಚು ಹೇಗೆ ಹತ್ತಿತೆಂದು ಕೇಳಿದರೆ, ಉತ್ತರ ಮುಧೋಳದ ರಸ್ತೆಯಲ್ಲಿದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂದೆ ಬೈಕಿನಲ್ಲಿ ಸಿಕ್ಕಿಬಿದ್ದು, ಜೋಲುವ ಕಬ್ಬಿನ ಗರಿಗಳಿಂದ ಮುಖ ಸವರಿಸಿಕೊಳ್ಳುತ್ತ ಜಮಖಂಡಿಯವರೆಗೂ ಬಂದವನಿಗೆ ಗೊತ್ತು, ಮುಂದಿನವನನ್ನು ಹಿಂದಿಕ್ಕುವುದು ಮನುಷ್ಯನ ಎಷ್ಟು ದೊಡ್ಡ ಆಸೆ ಎಂದು. ಭಾನುವಾರ ಸಂಜೆ ಟೀವಿಯಲ್ಲಿ ಯಾರೋ ನನ್ನ ಪರವಾಗಿ ಹಿಂದಿಕ್ಕುತ್ತಿದ್ದರು. ನಮ್ಮ ಓಣಿಯಲ್ಲಿ ಕ್ರಿಕೆಟ್ಟಿಗೆ ಜನವಿದ್ದರು, ಕುಸ್ತಿಗೆ ಜನವಿದ್ದರು. ಈ ರೇಸಿಗೆ ಇಡೀ ಬನಹಟ್ಟಿಯಲ್ಲಿ ನಾನೊಬ್ಬನೇ ಅಭಿಮಾನಿ ಎಂದು ಬರೆಯಲು ನನ್ನಲ್ಲಿ ಆಧಾರವಿಲ್ಲ. ಇನ್ನೊಬ್ಬ ಸಿಕ್ಕಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಾನು ನೆನೆಯುತ್ತಿರುವ ರೇಸಿನ ಹಂಗಾಮು ಹತ್ತು ವರ್ಷಕ್ಕೂ ಹಿಂದಿನದು. ಆಗ ಅವ್ವ ಪಡಸಾಲೆಯ ಮೂಲೆಯಲ್ಲಿ ರಾಟಿಯ ಮುಂದೆ ಕುಳಿತು ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಟೀವಿಯ ಕಡೆ ಅವಳ ಬೆನ್ನು ಇರುತ್ತಿತ್ತು. ಒಂದು ಸಂಜೆ ತಿರುಗಿ ನೋಡಿ ಕೇಳಿದಳು:

“ಏನೋ ಇದು, ಹ್ವಾದವರೆಲ್ಲಾ ಮತ್ತ ಅಲ್ಲೇ ಬರಾಕತ್ತಾರಲ್ಲ?”

“ಆಟಾನ ಹಂಗ ಐತಿ ಬೇ.”

“ನಮ್ಮ ಲಾಳಿ ಹೋಗಿ ಬಂದ್ರ ಒಂದು ಸೀರಿ ಆದ್ರೂ ಆಗತೈತಿ. ಇವರು ಇಷ್ಟ ತಿರಗಿ ಏನ ನೇದ್ರು?”

ಅದೇ ಸಂಜೆ ಪರದೆಯ ಮೇಲೆ ಒಬ್ಬ ಹೆಂಗಸು ಕಾಣಿಸಿದಳು. ಕಾರುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ನಿಂತು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಯಾರು ಈಕೆ ಎಂದು ಅವ್ವ ಕೇಳಿದಳು. ನೀಲಿ ಹೆಲ್ಮೆಟ್ಟಿನ ಹುಡುಗನ ತಾಯಿ ಎಂದೆ. ಅವ್ವ ರಾಟಿ ನಿಲ್ಲಿಸಿದಳು. “ಹೊಟ್ಟ್ಯಾಗ ಬೆಂಕಿ ಇಟಗೊಂಡು ನಿಂತಾಳ ನೋಡು ಪಾಪ” ಎಂದಳು. ಅಂದಿನಿಂದ ಆ ಹುಡುಗ ನಮ್ಮ ಮನೆಯ ‘ನೀಲಿ ಟೊಪ್ಪಿಗಿಯಾಂವ’ ಆದ. ರಾಟಿಯ ಮುಖವೂ ಟೀವಿಯ ಕಡೆ ತಿರುಗಿತು.

ಬಾಜೂ ಮನೆಯ ಚನ್ನಪ್ಪ ಕಾಕಾನದು ಪವರ್‌ಲೂಮ್ ಶೆಡ್ಡು. ಅವರ ಮಗ್ಗಗಳ ಸದ್ದಿನಲ್ಲಿ ಕಾರುಗಳ ಸದ್ದೇ ಕೇಳುತ್ತಿರಲಿಲ್ಲ. ರೇಸು ಮುಗಿಯುವ ತನಕ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದೆ. ಮಗ್ಗ ನಿಲ್ಲಿಸುವಷ್ಟು ದೊಡ್ಡದೇನಿದೆ ಎಂದು ನೋಡಲು ಬಂದವರು ಮತ್ತೆ ಹೋಗಲೇ ಇಲ್ಲ. ಗಾಲಿ ಬದಲಿಸುವುದನ್ನು ಕಂಡು ಅವರು ತೊಡೆ ತಟ್ಟಿಕೊಂಡರು: “ಕಣ್ಣ ಮುಚ್ಚಿ ತೆಗಿಯೂದ್ರಾಗ ನಾಕೂ ಗಾಲಿ ಬದಲ! ಮೊನ್ನಿ ತೇರದಾಳದಿಂದ ಬರಾಗ ನಮ್ಮ ಟಂಟಂ ರಿಕ್ಷಾ ಪಂಕ್ಚರ್ ಆತು. ಜಾಕ್ ತರ್ತೀನಂತ ಹ್ವಾದಾಂವ ಲಗ್ನದ ಊಟ ಮಾಡಿ, ಎಲಿ ಅಡಕಿ ಹಾಕ್ಕೊಂಡು ಬಂದ.” ಅವರಿಗೆ ಚಹಾ ತಂದ ಗಿರಿಜಾ ಮೊದಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದೆರಡು ರೇಸಿನ ನಂತರ ಚೌಕಟ್ಟಿಗೆ ಒರಗಿದಳು. ಆಮೇಲೊಂದು ದಿನ ಬಂದು ಅವ್ವನ ರಾಟಿಯ ಪಕ್ಕದಲ್ಲೇ ಕುಳಿತಳು. ಅಡುಗೆಮನೆಯಲ್ಲಿ ಯಾವ ಕೆಲಸವೂ ಅವಳಿಗೆ ನೆನಪಾಗಲಿಲ್ಲ.

ತೊಂದರೆ ಶುರುವಾದದ್ದು ಆಗಲೇ. ಮುಧೋಳದಲ್ಲಿ ಕಬ್ಬು ಬೆಳೆಗಾರರ ಸಭೆಗೆ ನಾನು ಹೋದ ಭಾನುವಾರ ನೀಲಿ ಟೊಪ್ಪಿಗೆಯವ ಗೆದ್ದ. ಮುಂದಿನ ಸಲ ನಾನು ಮನೆಯಲ್ಲಿದ್ದೆ. ಅವನ ಇಂಜಿನ್ನಿನಿಂದ ಹೊಗೆ ಬಂತು. ಜಮಖಂಡಿಗೆ ಕುಸ್ತಿಯ ವರದಿಗೆ ಹೋದೆ, ಗೆದ್ದ. ಮನೆಯಲ್ಲಿ ಕುಳಿತೆ, ಮೊದಲ ಸುತ್ತಿನಲ್ಲೇ ಗೋಡೆಗೆ ಗುದ್ದಿದ. ಇದು ಕಾಕತಾಳೀಯವೆಂದು ನಾನು ವಾದಿಸುತ್ತಿದ್ದಾಗ ಇನ್ನೊಂದು ಘಟನೆ ನಡೆಯಿತು. ಬೀಳಗಿಯ ಕೆಲಸ ಬೇಗ ಮುಗಿದು, ರೇಸಿನ ನಡುವೆಯೇ ಮನೆಗೆ ಬಂದೆ. ಹುಡುಗ ಎಲ್ಲರಿಗಿಂತ ಮುಂದಿದ್ದನಂತೆ. ನಾನು ಹೊಸ್ತಿಲೊಳಗೆ ಕಾಲಿಟ್ಟೆ, ಅಲ್ಲಿ ಟೈರು ಸಿಡಿಯಿತು.

“ಹೊರಗ ಹೋಗೋ ಮಾರಾಯಾ!” ಎಂದು ಅವ್ವ ಚೀರಿದಳು. ಹೆತ್ತ ತಾಯಿ.

ಚನ್ನಪ್ಪ ಕಾಕಾ ಗಂಟಲು ಸರಿಪಡಿಸಿಕೊಂಡರು. “ತಮ್ಮಾ, ತಪ್ಪ ತಿಳ್ಕೋಬ್ಯಾಡ. ನಿನ್ನ ಕಾಲ್ಗುಣ ಛಲೋ ಇಲ್ಲ.”

ಗಿರಿಜಾಳ ಮುಖ ನೋಡಿದೆ. ಬಹಳ ವರ್ಷ ಹೊತ್ತ ನೀರಿನ ಕೊಡವನ್ನು ಇನ್ನೊಬ್ಬರ ತಲೆಯ ಮೇಲಿಟ್ಟವಳ ನೆಮ್ಮದಿ ಆ ಮುಖದಲ್ಲಿತ್ತು.

ಅಲ್ಲಿಂದ ಮುಂದೆ ಭಾನುವಾರ ಬೆಳಗಾದರೆ ನನ್ನ ವೃತ್ತಿಯ ಬಗ್ಗೆ ಮನೆಯವರಿಗೆ ಎಲ್ಲಿಲ್ಲದ ಕಾಳಜಿ. ರಜೆಯ ದಿನವೂ ಕೆಲಸವೇ ಎಂದು ಮುನಿಯುತ್ತಿದ್ದ ಗಿರಿಜಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬುತ್ತಿಯನ್ನು ಬೈಕಿಗೆ ತಗುಲಿಸುತ್ತಿದ್ದಳು. ಮುಧೋಳ ಹತ್ತಿರವೆಂದು ಅವರಿಗೆ ಅನುಮಾನ; ಬೀಳಗಿಯೇ ಕ್ಷೇಮ. ಆ ವರ್ಷ ನಮ್ಮ ಪತ್ರಿಕೆಯಲ್ಲಿ ಬೀಳಗಿಯ ಸುದ್ದಿ ಅಷ್ಟೊಂದು ಬಂದದ್ದಕ್ಕೆ ಬೀಳಗಿ ಕಾರಣವಲ್ಲ. ಅಲ್ಲಿಯ ಹಿರಿಯರೊಬ್ಬರು ನನ್ನ ಕೈ ಹಿಡಿದು, “ನಮ್ಮೂರ ಮ್ಯಾಲ ನಿಮಗ ಭಾಳ ಪ್ರೀತಿ ಬಿಡ್ರಿ” ಎಂದರು. ನಾನು ಅಲ್ಲಗಳೆಯಲಿಲ್ಲ. ಹೀಗೆ ನಾನು ಬೀಳಗಿಯ ಚಹಾ ಅಂಗಡಿಗಳಲ್ಲಿ ಕುಳಿತಿದ್ದಾಗಲೆಲ್ಲ ನೀಲಿ ಟೊಪ್ಪಿಗೆಯವ ಗೆಲ್ಲುತ್ತ ಹೋಗಿ, ಕೊನೆಯ ರೇಸಿನ ಹೊತ್ತಿಗೆ ಹಳದಿ ಹೆಲ್ಮೆಟ್ಟಿನ ಎದುರಾಳಿಗೆ ಅಂಕಗಳಲ್ಲಿ ಸರಿಸಮ ನಿಂತ. ಆ ದಿನ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರೇ ವರ್ಷದ ಚಾಂಪಿಯನ್.

ಆ ಒಂದು ರೇಸನ್ನಾದರೂ ನಾನು ನೋಡಲೇಬೇಕಿತ್ತು. ಟೀವಿ ಕೊಂಡವನು ನಾನು, ಆಟದ ನಿಯಮ ತಿಳಿದವನು ನಾನು, ಇವರಿಗೆಲ್ಲ ಹುಚ್ಚು ಹಿಡಿಸಿದವನೂ ನಾನು.

“ಬೀಳಗಿಗೆ ಹೋಗಂಗಿಲ್ಲೇನ್ರಿ?” ಎಂದು ಗಿರಿಜಾ ಕೇಳಿದಳು.

“ಇವತ್ತ ಅಲ್ಲಿ ಏನೂ ಸುದ್ದಿ ಇಲ್ಲ.”

“ಊರಂದ ಮ್ಯಾಲ ಏನರ ಇದ್ದ ಇರತೈತಿ. ಹೋಗಿ ನೋಡಿದ್ರ ಗೊತ್ತಾಗೂದು.”

ಅವ್ವ ರಾಟಿಯಿಂದ ತಲೆ ಎತ್ತದೆ ಹೇಳಿದಳು: “ಕುಂತು ನೋಡಪಾ. ನಿನ್ನ ಮನಿ, ನಿನ್ನ ಟೀವಿ. ನಾ ಏನೂ ಅನ್ನಂಗಿಲ್ಲ.”

ಅವ್ವ ಆಡಬಲ್ಲ ಮಾತುಗಳಲ್ಲಿ ಇದಕ್ಕಿಂತ ಕಠಿಣವಾದದ್ದಿರಲಿಲ್ಲ. ಆದರೂ ಕುಳಿತೆ. ಮಗ್ಗಗಳನ್ನು ನಿಲ್ಲಿಸಿ ಚನ್ನಪ್ಪ ಕಾಕಾ ಬಂದು ಕುಳಿತಿದ್ದರು; ಓಣಿ ಎಂದೂ ಇಲ್ಲದಷ್ಟು ಮೌನವಾಗಿತ್ತು. ಹುಡುಗ ಮುಂದಿದ್ದ. ಕೆಲವೇ ಸುತ್ತುಗಳು ಉಳಿದಿರುವಾಗ ಅವನ ಕಾರು ಒಂದು ತಿರುವಿನಲ್ಲಿ ಜಾರಿ, ಹಳದಿ ಹೆಲ್ಮೆಟ್ಟು ಮುಂದೆ ಹೋಯಿತು. ಆಗ ಪಡಸಾಲೆಯಲ್ಲಿದ್ದ ಯಾರೂ ಟೀವಿಯನ್ನು ನೋಡುತ್ತಿರಲಿಲ್ಲ. ಮೂವರೂ ನನ್ನನ್ನು ನೋಡುತ್ತಿದ್ದರು.

ನಾನು ಯಾವ ಮೂಢನಂಬಿಕೆಗೂ ಒಳಗಾಗದ ಮನುಷ್ಯ. ಸದ್ದಿಲ್ಲದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಚನ್ನಪ್ಪ ಕಾಕಾನ ಶೆಡ್ಡಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. ಮನೆಯ ಕಡೆ ಬೆನ್ನು ಮಾಡಿಯೇ ಕುಳಿತೆ. ಸ್ವಲ್ಪ ಹೊತ್ತಿಗೆ ಕಾಕಾನ ಒಂದು ‘ಹೋ’ ಕೇಳಿತು, ಅದರ ಮೇಲೆ ಅವ್ವನ ದನಿ: “ಗೆದ್ದಾ! ಲೇ, ಗೆದ್ದಾ! ಈಗ ಬೇಕಾದ್ರ ಒಳಗ ಬಾರೋ!”

ಒಳಗೆ ಹೋಗುವಷ್ಟರಲ್ಲಿ ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು. ಹೇಗೆ ಗೆದ್ದ ಎಂದು ಪ್ರತ್ಯಕ್ಷದರ್ಶಿಗಳನ್ನು ವಿಚಾರಿಸಿದೆ. ಅವ್ವ ಹೇಳಿದಳು: “ಅಂವ ಮುಂದಿದ್ದ, ಇಂವ ಹಿಂದಿದ್ದ. ಆಮ್ಯಾಲ ಇಂವ ಮುಂದ, ಅಂವ ಹಿಂದ. ಇದರಾಗ ತಿಳೀಲಾರದ್ದೇನೈತಿ?” ಕಾಕಾನ ಹೇಳಿಕೆ: “ತಿರುವಿನ್ಯಾಗ ಒಳಗ ಹೊಕ್ಕ ನೋಡು ತಮ್ಮಾ, ಚಿಮ್ಮಡದ ಟಂಟಂದವರಿಗೂ ಅಷ್ಟ ಧೈರ್ಯ ಇಲ್ಲ.” ಗಿರಿಜಾಳನ್ನು ಕೇಳಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತ, “ನಾ ಕಣ್ಣ ಮುಚ್ಚಕೊಂಡಿದ್ನಿರಿ” ಎಂದಳು. “ಅತ್ತಿಯವರು ಕೈ ಹಿಡಕೊಂಡಿದ್ರು. ಅವರು ಹಿಚಿಕಿದಾಗ ಗೆದ್ದಾನಂತ ಗೊತ್ತಾತು.”

ಅವ್ವ ಆ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಸೊಸೆಯ ಕಾಲ ಕಡೆ ಒಮ್ಮೆ, ನನ್ನ ಕಾಲ ಕಡೆ ಒಮ್ಮೆ ನೋಡಿ, ಏನನ್ನೋ ಲೆಕ್ಕ ಹಾಕಿದಳು. “ಆವತ್ತು ಮೋಟಾರ ಸುಟ್ಟಾಗ ಇಂವನೂ ಜೋಡೀಲೆ ಹೊಸ್ತಲ ದಾಟಿದ್ನಲ್ಲ” ಎಂದಳು. “ನಂದ ತಪ್ಪಾತು ಗಿರಿಜಾ. ಇವನ ಕಾಲು ನನಗ ಹೊಳೀಲಿಲ್ಲ ನೋಡು.”

ಗಿರಿಜಾ ನಕ್ಕಳು. ಅತ್ತೆ ಸೊಸೆ ಇಬ್ಬರೂ ಸೇರಿ ನನ್ನ ಕಾಲನ್ನು ನೋಡಿ ನಗುವುದು ಆ ದಿನ ಶುರುವಾಗಿ ಬಹಳ ವರ್ಷ ನಡೆಯಿತು. ನಾನು ಪ್ರತಿಭಟಿಸಲಿಲ್ಲ. ಆರೋಪ ಸುಳ್ಳಾಗಿದ್ದರೂ ಅದರಿಂದ ಸಾರ್ವಜನಿಕ ಹಿತವಾಗುತ್ತಿದ್ದರೆ ಸ್ಪಷ್ಟೀಕರಣ ಕೊಡಲು ಅವಸರ ಮಾಡಬಾರದು.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ರಾಟಿ ಅದೇ ಮೂಲೆಯಲ್ಲಿ, ಟೀವಿಯ ಕಡೆಗೇ ಮುಖ ಮಾಡಿಕೊಂಡಿದೆ. ನೀಲಿ ಟೊಪ್ಪಿಗೆಯವ ರೇಸು ಬಿಟ್ಟಿದ್ದಾನೆ. ಈಗ ಹಳೆಯ ರೇಸುಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಹೋದ ಭಾನುವಾರ ಆ ಕೊನೆಯ ರೇಸನ್ನು ಹುಡುಕಿ, ಟೀವಿಗೆ ಹಚ್ಚಿದೆ. ಗಿರಿಜಾ ರಾಟಿಯ ಪಕ್ಕದಲ್ಲಿ ಬಂದು ಕುಳಿತಳು. ಫಲಿತಾಂಶ ಜಗತ್ತಿಗೇ ಗೊತ್ತಿರುವ ರೇಸು; ನಮ್ಮ ಪತ್ರಿಕೆಯಲ್ಲೂ ಅಚ್ಚಾಗಿದೆ. ಹುಡುಗನ ಕಾರು ತಿರುವಿನಲ್ಲಿ ಜಾರಿತು, ಹಳದಿ ಹೆಲ್ಮೆಟ್ಟು ಮುಂದೆ ಹೋಯಿತು. ಗಿರಿಜಾ ತಿರುಗಿ ನನ್ನ ಕಡೆ ನೋಡಿದಳು.

ಚಪ್ಪಲಿ ಬಾಗಿಲಲ್ಲೇ ಇದ್ದವು. ಮೆಟ್ಟಿಕೊಂಡು ಹೋಗಿ ಅದೇ ಕಟ್ಟೆಯ ಮೇಲೆ ಕುಳಿತು, ಮನೆಯ ಕಡೆ ಬೆನ್ನು ಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಗಿರಿಜಾ ಕೂಗಿದಳು: “ಬರ್ರೀ ಒಳಗ, ಗೆದ್ದ!”

ನನಗೆ ಜೀವ ಬಂದಂತಾಯಿತು.