ಶಹಾಬಾದಿಗೆ ಬಂದ ಹಡಗು

ನನ್ನ ಸೋದರಮಾವನಿಗೆ ಮನುಷ್ಯರ ಮುಖ ಕಾಣಿಸುವುದೇ ಇಲ್ಲ, ಕಾಣಿಸುವುದು ಅವರು ನಿಂತ ನೆಲ ಮಾತ್ರ. ನಂಬುವುದಿಲ್ಲವೆ? ನನ್ನ ಮದುವೆಗೆ ಮೊದಲು ಸೇಡಂಗೆ ಹೋಗಿ ಗಂಡು ನೋಡಿ ಬಾ ಎಂದು ಮನೆಯವರು ಅವನನ್ನೇ ಕಳಿಸಿದ್ದರು. ಬಂದ ಕೂಡಲೇ ಅವ್ವ ಕೇಳಿದಳು, "ಹುಡುಗ ಹ್ಯಾಂಗ ಅದಾನೋ?"

"ಕಲ್ಲಿನ ಸಂದು ಭಾಳ ಸಣ್ಣವು ಅದಾವ ಅಕ್ಕಾ. ಖರೇ, ಪಡಸಾಲ್ಯಾಗ ಒಂದು ಮೂಲ್ಯಾಗ ನೀರು ನಿಲ್ತದ."

ಇಷ್ಟು ವಿಚಾರಣೆಯ ಮೇಲೆ ನನ್ನ ಮದುವೆ ಆಗಿಹೋಯಿತು! ಗಂಡ ಹೇಗಿದ್ದಾನೆಂದು ಆಮೇಲೆ ನಾನೇ ನೋಡಿಕೊಂಡೆ. ಪುಣ್ಯಕ್ಕೆ ಒಳ್ಳೆಯವ. ಮೂಲೆಯಲ್ಲಿ ಮಾತ್ರ ಈಗಲೂ ನೀರು ನಿಲ್ಲುತ್ತದೆ.

ಮಾವನ ಊರು ಶಹಾಬಾದ್, ಕಸುಬು ಮನೆಗಳ ನೆಲಕ್ಕೆ ಪರಸಿ ಕಲ್ಲು ಹಾಸುವುದು. ಕಲ್ಲು ಕೂಡದಿದ್ದರೆ ಅಂಚು ಕಡಿದು ಕೂಡಿಸಬೇಕು ಎಂಬುದು ಕಸುಬಿನ ನಿಯಮ. ನಿಯಮ ಕಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೊಸ ಕೋಟಿನ ಒಂದು ತೋಳು ಬಿಗಿಯಾಯಿತೆಂದು ಮೊಣಕೈವರೆಗೆ ಕತ್ತರಿಸಿ, ನನ್ನ ಮದುವೆಯಲ್ಲಿ ಒಂದೂವರೆ ತೋಳಿನ ಕೋಟು ತೊಟ್ಟು ಬೀಗರನ್ನು ಉಪಚರಿಸಿದ ಪುಣ್ಯಾತ್ಮ ಅವನು.

ನಿಜಾಮನ ಆಳಿಕೆ ಮುಗಿದು ಒಂದೆರಡು ವರ್ಷವಾಗಿರಬೇಕು. ಮಾವನ ಹೆಂಡತಿಯನ್ನು ನಾವು ಅತ್ತಿ ಎನ್ನುತ್ತೇವೆ. ಅವಳಿಗೆ ಒಬ್ಬನೇ ತಮ್ಮ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಮುಂಬಯಿಗೆ ಹೋಗಿದ್ದ ಅವನಿಂದ ಒಂದು ಡಬ್ಬಿ ಬಂತು. ತೆರೆದರೆ ಕಟ್ಟಿಗೆಯ ಚೂರುಗಳು! ಹಡಗುಗಳ ಹಳೆಯ ಫೋಟೋ ಒಂದನ್ನು ಹಲಗೆಗೆ ಅಂಟಿಸಿ, ಅಂಕುಡೊಂಕಾಗಿ ಕತ್ತರಿಸಿದ್ದರು. ಕೂಡಿಸಿದರೆ ಚಿತ್ರವಾಗುವ ಆಟಿಕೆಯಂತೆ. ಜೊತೆಗೊಂದು ಚೀಟಿ: "ಅಕ್ಕಾ, ನಡುವಿನ ದೊಡ್ಡ ಹಡಗದ ಮ್ಯಾಲೆ ನನಗ ನೌಕರಿ ಸಿಕ್ಕದ. ಸಾಮಾನು ಸಾಗಿಸೂ ಹಡಗ. ಫೋಟೋ ಹಳೇದು, ಹಡಗ ಅದೇ."

ಆಮೇಲೆ ಅವನಿಂದ ಕಾಗದವಿಲ್ಲ. ವರ್ಷ ಹೊರಳುತ್ತ ಬಂತು. ಅತ್ತಿ ದಿನವೂ ಅಂಚೆಯವನು ದಾಟಿಹೋಗುವವರೆಗೆ ಬಾಗಿಲಲ್ಲಿ ನಿಲ್ಲುವಳು, ಊಟ ಮುಂದಿಟ್ಟರೆ ಎರಡು ತುತ್ತಿಗೆ ಏಳುವಳು. ಅವನ ಹಡಗನ್ನಾದರೂ ತೋರಿಸೋಣವೆಂದು ಮಾವ ಡಬ್ಬಿಯನ್ನು ನೆಲಕ್ಕೆ ಸುರುವಿದ. ನಾನು ಆಗ ಅಲ್ಲಿಗೇ ಹೋಗಿದ್ದೆ.

ಸಮುದ್ರ ಕಂಡವರು ನಮ್ಮಲ್ಲಿ ಯಾರಿದ್ದಾರೆ? ಅರ್ಧ ಕೂಡಿಸುವ ಹೊತ್ತಿಗೆ ಪಕ್ಕದ ಮನೆಯ ಚಾಚಾ ಬಂದು ಇಣುಕಿ, "ಇದು ಸಿಮೆಂಟ್ ಕಾರ್ಖಾನಿ ಅದ. ಚಿಮಣಿ ಕಾಣವಲ್ದೇನು?" ಎಂದರು.

"ಮತ್ತ ಕಾರ್ಖಾನಿ ನೀರಾಗ ಯಾಕ ನಿಂತದ ಚಾಚಾ?" ಎಂದೆ.

ಚಾಚಾ ಗಡ್ಡ ನೀವಿಕೊಂಡು ಯೋಚಿಸಿ, "ಮಳಿಗಾಲದ ಫೋಟೋ ಇರಬೇಕು" ಎಂದರು.

ಎರಡು ದಿನದಲ್ಲಿ ಚಿತ್ರ ಪೂರ್ತಿಯಾಯಿತು. ಎಡಗಡೆ ಬಂದರಿನ ದಂಡೆ, ಅದರ ಮೇಲೆ ಸಾಲಾಗಿ ನಿಂತ ಜನ. ಅಲ್ಲಿಂದ ಬಲಕ್ಕೆ ಮುಖ ಮಾಡಿ ಮೂರು ಹಡಗು. ಅತ್ತಿ ನಡುವಿನ ಹಡಗನ್ನು ಬೆರಳಿನಿಂದ ಸವರಿದಳು. ಸದ್ಯ, ಮಾವ ಏನನ್ನೂ ಕಡಿಯದೆ ಒಂದು ಕೆಲಸ ಮುಗಿಸಿದನಲ್ಲ ಎಂದು ನಾನು ನಿಶ್ಚಿಂತೆಯಿಂದ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂ ಸೇರಿದೆ.

ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ನೋಡುತ್ತೇನೆ, ಏನು ಹೇಳಲಿ! ಚಿತ್ರದ ಎಡಭಾಗ ಖಾಲಿ. ಮಾವ ದಂಡೆಯ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು, ಅವುಗಳ ಅಂಚನ್ನು ಅರದಿಂದ ತಿಕ್ಕಿ ತಿಕ್ಕಿ ಬಲಗಡೆಗೆ ಕೂಡಿಸುತ್ತಿದ್ದಾನೆ. ಬಲಗಡೆಯ ನೀರೆಲ್ಲ ಒಂದು ಬುಟ್ಟಿಯಲ್ಲಿ! ಇವನಿಗೇನು ಬುದ್ಧಿ ಮಂಕಾಯಿತೆ? ನನಗಂತೂ ತಲೆಬುಡ ತಿಳಿಯಲಿಲ್ಲ.

"ಮಾಮಾ, ಎಲ್ಲಾ ಕೂಡಿತ್ತಲ್ಲ, ಯಾಕ ಕೆಡಿಸಿದಿ?"

"ಕೂಡಿದ್ದಿಲ್ಲ."

"ನನ್ನ ಕಣ್ಣಾರೆ ನೋಡೀನಿ, ಕೂಡಿತ್ತು."

"ಚೂರು ಕೂಡಿದ್ವು ಯವ್ವಾ, ಅಷ್ಟೇ."

ಇಂಥವನ ಹತ್ತಿರ ವಾದ ಮಾಡಿ ಗೆದ್ದವರುಂಟೆ? ಸಿಟ್ಟು ಬಂತು. ನನ್ನ ಅತ್ತಿ ಕಣ್ಣೆದುರು ಇಟ್ಟುಕೊಂಡ ಒಂದೇ ವಸ್ತುವನ್ನು ಹಾಳುಮಾಡಲು ಇವನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಬಾಯಿಗೆ ಬಂದಂತೆ ಅಂದೆ. ಅವನು ಅರ ಆಡಿಸುತ್ತಲೇ ಇದ್ದ. ಅತ್ತಿ ನೀರಿಗೆಂದು ಕೊಡ ಎತ್ತಿಕೊಂಡು ಹೊರಗೆ ಹೋದ ಮೇಲೆ ದನಿ ತಗ್ಗಿಸಿದ.

"ನೀ ಹೋದ ಮರುದಿನ ನಿಮ್ಮತ್ತಿ ಇದರ ಮುಂದ ಕುಂತು ಅಳಾಕತ್ತಿದ್ಲು. 'ಹಡಗದ ಮಾರಿ ಅತ್ಲಾಗ ಅದರಿ, ದಂಡಿ ಹಿಂದ ಉಳೀತು, ನನ್ನ ತಮ್ಮ ದೂರ ಹೊಂಟಾನ' ಅಂದ್ಲು. ಅವತ್ತಿಂದ ತನಗ ತಾಟು ಹಾಕ್ಕೊಳ್ಳೂದೇ ಬಿಟ್ಟಾಳ, ಬರೇ ಗಂಜಿ ನೀರು ಕುಡೀತಾಳ. ಹಡಗ ತಿರುಗಿಸಿ ಇಟ್ಟು ನೋಡಿದೆ. ತಲಿಕೆಳಗಾಗಿ ಮುಳುಗಿದಂಗ ಕಂಡ್ತು. ಅದಕ ದಂಡಿನೇ ತಂದು ಮುಂದ ಹಾಕಾಕತ್ತೀನಿ."

ಸಿಟ್ಟೆಲ್ಲ ಕರಗಿ ಕಣ್ಣು ತುಂಬಿತು. ನಾನೂ ಕುಳಿತು ಚೂರು ಎತ್ತಿಕೊಡತೊಡಗಿದೆ.

ಅತ್ತಿ ಬಂದು ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. ದಂಡೆಯ ಮೇಲಿನ ಜನ ಈಗ ಹಡಗಿನ ಎದುರಿಗೆ ನಿಂತಿದ್ದರು. ಅವಳು ನಡುವಿನ ಹಡಗಿನ ಮೇಲೆ ಬೆರಳಿಟ್ಟಳು.

"ಇನ್ನ ಎಷ್ಟು ದೂರ ಅದರಿ?"

ಮಾವ ಹಡಗಿಗೂ ದಂಡೆಗೂ ನಡುವೆ ಕೈ ಇಟ್ಟು ಅಳೆದ. "ನಾಕು ಬೆರಳು."

ಅತ್ತಿ ಒಳಗೆ ಹೋಗಿ ಮೂರು ತಾಟು ಹಾಕಿದಳು.