ಐದನೇ ಡಬ್ಬಿಯ ಪುಳಿಹೋರ

ಬ್ಯಾಂಕಿನಲ್ಲಿ ಮರ್ಯಾದೆಯಾಗಿ ಸಹಿ ಹಾಕಿಕೊಂಡಿರುವ ಮನುಷ್ಯನೊಬ್ಬನ ನಾಲಗೆಯ ವಿಚಾರವನ್ನು ಹೀಗೆ ಎಲ್ಲರೆದುರು ಬಿಚ್ಚುವುದು ಸರಿಯಲ್ಲ. ಹೇಳಲು ಹೊರಟದ್ದಕ್ಕೆ ಓದುಗರು ಕ್ಷಮಿಸಬೇಕು. ಅಣ್ಣಪ್ಪನಂತೂ ಕ್ಷಮಿಸುವುದಿಲ್ಲ.

ದಾವಣಗೆರೆಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದಿದ್ದ ಅವನಿಗೆ 2017ರ ಕಾರ್ತಿಕದಲ್ಲಿ ಎದೆ ಕಟ್ಟಿ ಕೆಮ್ಮು ಹಿಡಿಯಿತು. ಡಾಕ್ಟರು ಏಳು ದಿನಕ್ಕೆ ಕ್ಲಾರಿಥ್ರೊಮೈಸಿನ್ ಬರೆದರು. ಎರಡು ದಿನದಲ್ಲಿ ಕೆಮ್ಮೇನೋ ಇಳಿಯಿತು, ಬಾಯಿ ಮಾತ್ರ ಹಳೇ ಬೀಗ ಚೀಪಿದ ಹಾಗಾಯಿತು. ಔಷಧಿ ಅಂಗಡಿಯವನು ಈ ಜಾತಿಯ ಮಾತ್ರೆಗಳೇ ಹಾಗೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ, ಕೆಲವರಿಗೆ ಬಾಯಿ; ಹಾಗಂತ ನಡುವೆ ನಿಲ್ಲಿಸಬಾರದು ಎಂದ. ಹೆಂಡತಿ ವಿಜಯಲಕ್ಷ್ಮೀ ನಂಬಲಿಲ್ಲ. ಹದಿನೆಂಟು ವರ್ಷ ಸೊರ್ ಎಂದು ಹೀರಿದ ಸಾರಿನಲ್ಲಿ ಈಗ ತುಕ್ಕು ಹುಡುಕುವುದಕ್ಕೆ ಮಾತ್ರೆಯ ನೆಪ ಬೇರೆ ಎಂದು ಮುಖ ತಿರುಗಿಸಿದಳು.

ಆರನೆಯ ದಿನ ಭಾನುವಾರ. ಬೀದಿಯವರೆಲ್ಲ ಸೇರಿ ಕೊಂಡಪಲ್ಲಿಯಾಚೆಯ ತೋಪಿಗೆ ಕಾರ್ತಿಕ ವನಭೋಜನಕ್ಕೆ ಹೊರಟರು. ಬಸ್ಸಿನಲ್ಲಿ ಮನೆ ಒಡತಿ ಕೋಟೇಶ್ವರಮ್ಮ ಅವನ ಪಕ್ಕಕ್ಕೇ ಬಂದು ಕೂತರು. ಬಳ್ಳಾರಿಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು.

"ನನ್ನ ತಮ್ಮನ ಮಗ ಸಂಕ್ರಾಂತಿಗೆ ಮನೆ ಕೇಳ್ತಾ ಇದಾನೆ ಬಾಬು. ನಿಮ್ಮ ಶ್ರೀರಕ್ಷಾ ಹತ್ತನೇ ಕ್ಲಾಸು ಪರೀಕ್ಷೆ ಮಾರ್ಚಿಗಲ್ವಾ? ನೋಡೋಣ. ಇವತ್ತು ಪೋಟೀಲಿ ನಾನೂ ಪುಳಿಹೋರ ಇಟ್ಟಿದೀನಿ."

ಪೋಟಿಯೆಂದರೆ ಸ್ಪರ್ಧೆ, ಪುಳಿಹೋರವೆಂದರೆ ನಮ್ಮ ಪುಳಿಯೋಗರೆ; ಆ ಸ್ಪರ್ಧೆಗೆ ತೀರ್ಪುಗಾರ ಅಣ್ಣಪ್ಪನೇ. ಹೋದ ವರ್ಷದ ತೀರ್ಪುಗಾರ ತನ್ನ ನಾದಿನಿಗೆ ಬಹುಮಾನ ಕೊಟ್ಟು ಜಗಳ ಯುಗಾದಿಯವರೆಗೂ ನಡೆದಿತ್ತು. ಈ ಸಲ ಊರಲ್ಲಿ ಯಾರೂ ನೆಂಟರಿಲ್ಲದ ಕನ್ನಡದವನೇ ಆಗಲಿ, ಡಬ್ಬಿಗಳ ಮೇಲೆ ಬರೀ ನಂಬರಿರಲಿ ಎಂದು ಕಾರ್ಯದರ್ಶಿ ಕಾಮೇಶ್ವರ ರಾವು ಗೊತ್ತುಮಾಡಿದ್ದರು. ತನ್ನ ನಾಲಗೆ ರಿಪೇರಿಯಲ್ಲಿದೆ ಎಂದು ಅಣ್ಣಪ್ಪ ಅರೆಬರೆ ತೆಲುಗಿನಲ್ಲಿ ಬೇಡಿಕೊಂಡ. ಯಾವ ರುಚಿಯ ಪಕ್ಷವನ್ನೂ ವಹಿಸದ ನಾಲಗೆಯೇ ತಮಗೆ ಬೇಕಿತ್ತು ಎಂದು ರಾಯರು ಕುರ್ಚಿ ಎಳೆದು ಕೂರಿಸಿದರು.

ಆರು ಸ್ಟೀಲ್ ಡಬ್ಬಿಗಳು. ಆರರಲ್ಲೂ ಒಂದೇ ಹಳದಿ, ಅದೇ ಕಡಲೆಬೀಜ. ಮೊದಲನೆಯದು ಕಬ್ಬಿಣ. ಎರಡನೆಯದೂ ಕಬ್ಬಿಣ. ಸುತ್ತ ನಿಂತ ಹೆಂಗಸರು ಅವನ ಗಂಟಲನ್ನೇ ನೋಡುತ್ತಿದ್ದರು. ಸುಮ್ಮನೆ ನುಂಗಿದರೆ ಅನುಮಾನ ಬಂದೀತೆಂದು ಎರಡನೆಯದರ ಒಗ್ಗರಣೆ ಸೀದಿದೆ, ಇಂಗು ಅಳತೆ ಮೀರಿದೆ ಎಂದುಬಿಟ್ಟ. ಎಲ್ಲರೂ ಮೆಚ್ಚಿ ತಲೆದೂಗಿದ್ದೇ ಧೈರ್ಯ ಬಂದು, ಹುಣಿಸೆಹಣ್ಣು ಈ ವರ್ಷದ್ದಲ್ಲ ಎಂದೂ ಸೇರಿಸಿದ. ಮೂರು, ನಾಲ್ಕು ಮತ್ತೆ ಬೀಗದ ಕೈ.

ಐದನೇ ಡಬ್ಬಿ ಎತ್ತಿದಾಗ ಹೆಬ್ಬೆರಳಿಗೆ ಏನೋ ತರಿತರಿಯಾಗಿ ತಾಕಿತು. ನಂಬರಿನ ಚೀಟಿಯ ಅಂಚಿನಿಂದ ಕೊರೆದ ತೆಲುಗು ಅಕ್ಷರಗಳು ಇಣುಕುತ್ತಿದ್ದವು: ಕೋಟೇಶ್ವ. ಮಗಳ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಕಣ್ಣು ಮುಚ್ಚಿ ಮೂರು ಚಮಚ ತಿಂದ, ನಾಲ್ಕನೆಯದಕ್ಕೆ "ಅಮ್ಮಾ" ಎಂದ. ಆರನೆಯದನ್ನು ಮರ್ಯಾದೆಗೆ ಮುಟ್ಟಿ, ಐದೇ ಮೊದಲು ಎಂದು ಸಾರಿದ.

ತಾವೂ ನೋಡದೆ ಅಂಟು ಹಾಕಿಸಿಟ್ಟಿದ್ದ ಪಟ್ಟಿಯನ್ನು ರಾಯರು ಬಿಚ್ಚಿ ಓದಿದರು. ಐದು, ವಿಜಯಲಕ್ಷ್ಮೀ. ಎರಡು, ಕೋಟೇಶ್ವರಮ್ಮ.

ತೋಪಿನಲ್ಲಿದ್ದವರೆಲ್ಲ ಒಟ್ಟಿಗೇ ಕೂಗಿದರು. ಹಿಂದಿನ ವಾರ ಗೋಂಗೂರ ಪಚ್ಚಡಿ ತುಂಬಿಕೊಂಡು ಕೆಳಗಿನ ಮನೆಯ ಕೋಟೇಶ್ವರಮ್ಮನಿಂದ ಬಂದಿದ್ದ ಡಬ್ಬಿಯನ್ನು ಖಾಲಿ ಹಿಂದಿರುಗಿಸಲು ಮನಸ್ಸಿಲ್ಲದೆ ವಿಜಯಲಕ್ಷ್ಮೀ ಇಟ್ಟುಕೊಂಡಿದ್ದಳು. ತನ್ನ ಕೈಯಡುಗೆಗೆ ಒಮ್ಮೆ ನ್ಯಾಯ ಸಿಗಲಿ ಎಂದು ಅದರಲ್ಲೇ ತುಂಬಿ, ಗಂಡನಿಗೆ ತಿಳಿಸದೆ ಹೆಸರು ಬರೆಸಿದ್ದಳು. ಈಗ ಅವಳು ನೇರ ಬಂದು ನಿಂತಳು.

"ಅಂದ್ರೆ ಮನೇಲಷ್ಟೇ ಏನ್ರೀ ತುಕ್ಕು? ನಾಲ್ಕು ಜನರ ಮುಂದೆ ಚೆನ್ನಾಗೇ ಇಳೀತದಲ್ಲ."

ಮಾತ್ರೆಯ ಪಟ್ಟಿಯನ್ನೇ ಜೇಬಿನಿಂದ ತೆಗೆದು ತೋರಿಸಿದ. ನಾಲಗೆ ಇಲ್ಲದಿದ್ದರೂ ಹೆಂಡತಿಯನ್ನು ಗುರುತಿಸಿದನಲ್ಲ ಎಂದು ಬೀದಿಯವರು ಇನ್ನಷ್ಟು ಕೆರಳಿದರು. ಕೋಟೇಶ್ವರಮ್ಮ ಮಾತ್ರ ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಅಂದರು:

"ಡಬ್ಬಿ ಇವತ್ತೇ ಕೊಟ್ಟುಬಿಡಿ ಬಾಬು. ಮನೆ ಸಂಕ್ರಾಂತಿಗೆ ಕೊಟ್ರೆ ಸಾಕು."

ಮಾತ್ರೆ ಮುಗಿದ ಮೂರನೆಯ ದಿನ ಅಣ್ಣಪ್ಪನ ನಾಲಗೆಗೆ ಉಪ್ಪು ಉಪ್ಪಾಗಿಯೇ ಹತ್ತಿತು. ಸಂಕ್ರಾಂತಿ ಹತ್ತಿರ ಬಂದಾಗ ಸಾಮಾನು ಕಟ್ಟುತ್ತಲೇ ಒಂದು ಸಲ ಆ ಪುಳಿಹೋರ ಮಾಡು ಎಂದು ಕೇಳಿದ. ಅವಳು ಇವತ್ತಿಗೂ ಮಾಡಿಲ್ಲ. ಅದು ನಿಜವಾಗಿ ಚೆನ್ನಾಗಿತ್ತೋ ಇಲ್ಲವೋ, ಗೊತ್ತಿಲ್ಲ.